ಬಿದ್ದ ಕಾಯಿನ್‌ಗೆ ‘ದೀರ್ಘಾವಧಿ’ ಎಂದು ಹೆಸರಿಟ್ಟರೆ ಆಯಿತೇ?

ಪ್ರಶ್ನೆ: ವಾರದೊಳಗೆ ಶೇ 20 ಲಾಭ ತೆಗೆದು ಹೊರಬರೋಣ ಎಂದು ಒಂದು ಸಣ್ಣ ಕ್ರಿಪ್ಟೊ ಕಾಯಿನ್ ಕೊಂಡೆ. ಈಗ ಶೇ 60 ಇಳಿದಿದೆ. ‘ಮಾರದಿದ್ದರೆ ನಷ್ಟವೇ ಅಲ್ಲ’ ಎನ್ನುತ್ತಾರೆ. ದೀರ್ಘಾವಧಿಗೆ ಇಟ್ಟುಕೊಳ್ಳಲೇ? ಇನ್ನಷ್ಟು ಕೊಂಡು ಆ್ಯವರೇಜ್ ಮಾಡಲೇ?

ಉತ್ತರ: ಪ್ರತಿ ಸಲ ಕಾಯಿನ್‌ ಹೆಸರು ಬೇರೆ, ಪ್ರಶ್ನೆ ಮಾತ್ರ ಇದೇ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಇದಕ್ಕೆ. ಖಾತೆ ತೆರೆಯುವುದು, ಆರ್ಡರ್ ಹಾಕುವುದು ಇವೆಲ್ಲ ಕಾಯಿನ್ ಕೊಂಡವರಿಗೆ ಗೊತ್ತಿರುವ ಸಂಗತಿಗಳು, ಬಿಟ್ಟಿದ್ದೇನೆ.

ಮೊದಲು ಆ ‘ಮಾರದಿದ್ದರೆ ನಷ್ಟವಲ್ಲ’ ಎಂಬ ಮಾತು. ಅದು ಶುದ್ಧ ಸುಳ್ಳು. ನಿಮ್ಮ 1,000 ಇವತ್ತು 400 ಆಗಿದೆ, ಅಷ್ಟೇ. ಮಾರಿದರೂ 400, ಇಟ್ಟುಕೊಂಡರೂ 400. ಅದು ಮತ್ತೆ 1,000 ಆಗಲು ಶೇ 60 ಏರಿದರೆ ಸಾಲದು, ಶೇ 150 ಏರಬೇಕು. ಶೇ 80 ಬಿದ್ದದ್ದು ಮೇಲೇಳಲು ಶೇ 400 ಬೇಕು, ಶೇ 90 ಬಿದ್ದಿದ್ದರೆ ಶೇ 900. ಕೆಳಗಿಳಿದಷ್ಟೂ ಹತ್ತುವ ಮೆಟ್ಟಿಲು ಎತ್ತರವಾಗುತ್ತ ಹೋಗುತ್ತದೆ.

ಇನ್ನು ಆ್ಯವರೇಜ್. 10ರ ಬೆಲೆಯಲ್ಲಿ 100 ಕಾಯಿನ್ ಕೊಂಡಿದ್ದೀರಿ ಎನ್ನೋಣ. ಬೆಲೆ 4ಕ್ಕೆ ಬಂತು. ಇನ್ನೊಂದು 1,000 ಹಾಕಿದರೆ 250 ಕಾಯಿನ್ ಸೇರಿ 350 ಆಗುತ್ತವೆ, ಸರಾಸರಿ ಬೆಲೆ 5.71. ಶೇ 43 ಏರಿದರೆ ಸಾಕು, ಅಸಲು ಬಂತು ಎಂದು ಸಮಾಧಾನವಾಗುತ್ತದೆ. ಆದರೆ ಬೆಲೆ 4ರಿಂದ 2ಕ್ಕೆ ಬಿದ್ದರೆ? ಸುಮ್ಮನಿದ್ದಿದ್ದರೆ ನಷ್ಟ 800ಕ್ಕೆ ನಿಲ್ಲುತ್ತಿತ್ತು. ಆ್ಯವರೇಜ್ ಮಾಡಿದವರಿಗೆ 1,300. ಸರಾಸರಿ ಬೆಲೆ ನಿಮ್ಮ ಲೆಕ್ಕದ ಪುಸ್ತಕದ ಅಂಕಿ, ಮಾರುಕಟ್ಟೆಗೆ ಅದು ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಬೀಳುವ ಕಾರಣ ಗೊತ್ತಿಲ್ಲದೆ ಹಣ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಲೂನಾ ಎಂಬ ಕ್ರಿಪ್ಟೊ ಕಾಯಿನ್ ನೆನಪಿಸಿಕೊಳ್ಳಿ. 2022ರ ಏಪ್ರಿಲ್‌ನಲ್ಲಿ 100 ಡಾಲರ್ ದಾಟಿತ್ತು. ಮೇ ತಿಂಗಳ ಮಧ್ಯದ ಹೊತ್ತಿಗೆ ಒಂದು ಸೆಂಟ್ ಬೆಲೆಯೂ ಉಳಿಯಲಿಲ್ಲ. 40 ಡಾಲರ್‌ಗೆ ಕೊಂಡವರೂ, 10ಕ್ಕೆ ಕೊಂಡವರೂ, 1ಕ್ಕೆ ಕೊಂಡವರೂ ‘ಅಗ್ಗವಾಯಿತು’ ಎಂದೇ ಕೊಂಡರು. ಅದೇ ದಿನಗಳಲ್ಲಿ ಕಾಯಿನ್‌ಗಳ ಸಂಖ್ಯೆ 35 ಕೋಟಿಯ ಆಸುಪಾಸಿನಿಂದ 6.5 ಲಕ್ಷ ಕೋಟಿಗೆ ಉಬ್ಬಿತು. ಇಷ್ಟು ಕಾಯಿನ್ ಹೊರಬಿದ್ದ ಮೇಲೆ ಹಳೆಯ ಬೆಲೆ ಮರಳುವುದಾದರೂ ಹೇಗೆ? ಬೆಲೆಯ ಗೆರೆಯನ್ನಷ್ಟೇ ನೋಡುತ್ತ ಕೂತವರಿಗೆ ಇದು ಕಾಣಲಿಲ್ಲ.

‘ಬಿಟ್‌ಕಾಯಿನ್ ಬಿದ್ದು ಎದ್ದಿತಲ್ಲ’ ಎಂದು ನೀವು ಕೇಳುತ್ತೀರಿ. ಎದ್ದಿದೆ ನಿಜ. 2017ರ ಡಿಸೆಂಬರ್‌ನಲ್ಲಿ 20,000 ಡಾಲರ್ ಸಮೀಪವಿದ್ದದ್ದು ವರ್ಷದೊಳಗೆ 3,200ರ ಹತ್ತಿರಕ್ಕೆ ಇಳಿದು, ಆ ಎತ್ತರವನ್ನು ಮತ್ತೆ ದಾಟಿದ್ದು 2020ರ ಡಿಸೆಂಬರ್‌ನಲ್ಲಿ. 2021ರ ನವೆಂಬರ್‌ನ 69,000 ಡಾಲರ್ ಮರಳಿ ಬಂದದ್ದು 2024ರ ಮಾರ್ಚ್‌ಗೆ, ನಡುವೆ 16,000ದ ಕೆಳಗೂ ಹೋಗಿತ್ತು. ಅಂದರೆ ಎಲ್ಲಕ್ಕಿಂತ ಗಟ್ಟಿ ಎನಿಸಿಕೊಂಡ ಕಾಯಿನ್‌ಗೇ ಎರಡರಿಂದ ಮೂರು ವರ್ಷ ಹಿಡಿಯಿತು. ಅದರ ಒಟ್ಟು ಸಂಖ್ಯೆಗೆ 2.1 ಕೋಟಿಯ ಮಿತಿಯಿದೆ, ಹೊಸದಾಗಿ ಹುಟ್ಟುವ ಪ್ರಮಾಣ ಪ್ರತಿ 2,10,000 ಬ್ಲಾಕ್‌ಗೊಮ್ಮೆ (ಬ್ಲಾಕ್ ಎಂದರೆ ವಹಿವಾಟುಗಳ ಒಂದು ಕಂತೆ) ಅರ್ಧವಾಗುತ್ತದೆ. ನಿಮ್ಮ ಸಣ್ಣ ಕಾಯಿನ್‌ಗೆ ಅಂಥ ಕಟ್ಟುಪಾಡು ಇದೆಯೇ? ಬಿಟ್‌ಕಾಯಿನ್‌ನ ಇತಿಹಾಸವನ್ನು ತಂದು ಬೇರೆ ಕಾಯಿನ್‌ಗೆ ಅಂಟಿಸಬೇಡಿ.

ಈಗ ಮಾಡಬೇಕಾದ್ದು. ಚಲಾವಣೆಯಲ್ಲಿರುವ ಕಾಯಿನ್ ಎಷ್ಟು, ಒಟ್ಟು ಎಷ್ಟು ಎಂದು ನೋಡಿ. ಶೇ 20 ಮಾತ್ರ ಹೊರಗಿದ್ದು ಮಿಕ್ಕದ್ದು ಎರಡು ವರ್ಷದಲ್ಲಿ ಸ್ಥಾಪಕರಿಗೂ ಮೊದಲ ಹೂಡಿಕೆದಾರರಿಗೂ ಬಿಡುಗಡೆಯಾಗಲಿದ್ದರೆ ಚಲಾವಣೆ 5 ಪಟ್ಟಾಗುತ್ತದೆ. ಇಂದಿನ ಈ ಬಿದ್ದ ಬೆಲೆ ನಿಲ್ಲಬೇಕಾದರೂ ಒಟ್ಟು ಮಾರುಕಟ್ಟೆ ಮೌಲ್ಯ 5 ಪಟ್ಟು ಬೆಳೆಯಬೇಕು. ಬಿಡುಗಡೆಯ ವೇಳಾಪಟ್ಟಿ ಯೋಜನೆಯ ದಾಖಲೆಯಲ್ಲೇ ಇರಬೇಕು. ಇಲ್ಲದಿದ್ದರೆ ಮಾರಿಬಿಡಿ, ಮುಂದೆ ಓದುವ ಅಗತ್ಯವೂ ಇಲ್ಲ. ಎರಡನೆಯದು, ಕಾಯಿನ್ ಅನ್ನು ಎಕ್ಸ್‌ಚೇಂಜ್‌ನಿಂದ (ಕಾಯಿನ್ ಕೊಳ್ಳುವ, ಮಾರುವ ತಾಣ) ನಿಮ್ಮ ಕೈಯಲ್ಲೇ ಇರುವ ವಾಲೆಟ್‌ಗೆ ತೆಗೆಯಲು ಆಗುತ್ತಿದೆಯೇ ಎಂದು ಸಣ್ಣ ಮೊತ್ತ ತೆಗೆದು ಪರೀಕ್ಷಿಸಿ. ಕೊನೆಗೆ ಒಂದೇ ಪ್ರಶ್ನೆ: ನಿಮ್ಮ ಕೈಯಲ್ಲಿ ಕಾಯಿನ್ ಬದಲು 400 ನಗದು ಇದ್ದಿದ್ದರೆ, ಇವತ್ತು ಇದನ್ನೇ ಕೊಂಡು ಐದು ವರ್ಷ ಇಡುತ್ತಿದ್ದಿರಾ? ಇಲ್ಲ ಎಂದಾದರೆ ನೀವು ಹೋಲ್ಡ್ ಮಾಡುತ್ತಿಲ್ಲ, ಸಿಕ್ಕಿಹಾಕಿಕೊಂಡಿದ್ದೀರಿ.

ಮಾರುವಾಗಲೂ ಎಚ್ಚರ. ಸಣ್ಣ ಕಾಯಿನ್‌ನ ಆರ್ಡರ್ ಬುಕ್ (ಕೊಳ್ಳುವ, ಮಾರುವ ಆರ್ಡರ್‌ಗಳ ಪಟ್ಟಿ) ತೆಳುವಾಗಿರುತ್ತದೆ. 4.00ಕ್ಕೆ ಕೊಳ್ಳುವವರು 50 ಕಾಯಿನ್‌ಗೆ ಮಾತ್ರ ಇದ್ದು, ಅದರ ಕೆಳಗೆ 3.80ಕ್ಕೆ 30, 3.50ಕ್ಕೆ 20 ಇದ್ದರೆ, 100 ಕಾಯಿನ್‌ನ ಮಾರ್ಕೆಟ್ ಆರ್ಡರ್‌ಗೆ (ಸಿಕ್ಕ ಬೆಲೆಗೆ ತಕ್ಷಣ ಮಾರುವ ಆರ್ಡರ್) ನಿಮಗೆ ಸಿಗುವುದು 384, ಪರದೆಯ ಮೇಲಿನ 400 ಅಲ್ಲ. ನಾಲ್ಕೈದು ತುಂಡು ಮಾಡಿ ಲಿಮಿಟ್ ಆರ್ಡರ್ ಹಾಕಿ, ಅಂದರೆ ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂದು ಬೆಲೆ ನಿಗದಿ ಮಾಡಿ.

ಮುಂದಿನ ಸಲ ಕೊಳ್ಳುವ ಮೊದಲೇ ಬರೆದಿಡಿ: ಯಾವ ಬೆಲೆಗೆ ಲಾಭ, ಯಾವ ಬೆಲೆಗೆ ನಷ್ಟ ಒಪ್ಪಿ ಹೊರಗೆ, ಎಷ್ಟು ದಿನ. ಒಟ್ಟು ಬಂಡವಾಳ 1,000 ಇದ್ದು ಒಂದು ಟ್ರೇಡ್‌ನಲ್ಲಿ ಶೇ 1, ಅಂದರೆ 10 ಮಾತ್ರ ಕಳೆದುಕೊಳ್ಳಲು ಸಿದ್ಧರಿದ್ದು, ಸ್ಟಾಪ್‌ಲಾಸ್ (ನಷ್ಟ ಒಪ್ಪಿ ಹೊರಬರುವ ಬೆಲೆ) ಕೊಂಡ ಬೆಲೆಗಿಂತ ಶೇ 5 ಕೆಳಗಿದ್ದರೆ, ಕೊಳ್ಳಬೇಕಾದ್ದು 200ಕ್ಕೆ. 1,000ಕ್ಕೂ ಅಲ್ಲ, 500ಕ್ಕೂ ಅಲ್ಲ. ಸ್ಟಾಪ್‌ಲಾಸ್ ತಲೆಯಲ್ಲಿದ್ದರೆ ಕೆಲಸಕ್ಕೆ ಬಾರದು, ಎಕ್ಸ್‌ಚೇಂಜ್‌ನಲ್ಲಿ ಆರ್ಡರ್ ಆಗಿ ಕೂತಿರಬೇಕು. ನೀವು ಮಲಗಿದಾಗ ಈ ಮಾರುಕಟ್ಟೆ ಮುಚ್ಚುವುದಿಲ್ಲ. ಹೋಲ್ಡ್ ಮಾಡುವ ಕಾಯಿನ್‌ಗಳನ್ನು ಬೇರೆ ವಾಲೆಟ್‌ನಲ್ಲೇ ಇಡಿ. ಎರಡೂ ಒಂದೇ ಕಡೆ ಇದ್ದರೆ ಟ್ರೇಡ್‌ನ ನಷ್ಟ ತುಂಬಲು ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಪ್ರಶ್ನೆ: ದಿನಕ್ಕೆ ಶೇ 1 ಲಾಭ ಸಾಕು. ಅಷ್ಟೂ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ದಿನಕ್ಕೆ ಶೇ 1 ಎಂದರೆ ವರ್ಷಕ್ಕೆ ಸುಮಾರು 38 ಪಟ್ಟು. ಹಾಗೆ ಮಾತು ಕೊಡುವವರು ನಿಮ್ಮ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಖರ್ಚಿನ ಲೆಕ್ಕ ಹಾಕಿ: ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಶುಲ್ಕ, ಬೆಲೆ ಜಾರಿದ್ದಕ್ಕೆ ಇನ್ನೊಂದು ಶೇ 0.1. ಒಟ್ಟು ಶೇ 0.3. ಶೇ 1ಕ್ಕೆ ಲಾಭ, ಶೇ 1ಕ್ಕೆ ಸ್ಟಾಪ್‌ಲಾಸ್ ಇಟ್ಟರೆ ಗೆದ್ದಾಗ ಕೈಗೆ ಬರುವುದು 0.7, ಸೋತಾಗ ಹೋಗುವುದು 1.3. ನೂರರಲ್ಲಿ 65 ಟ್ರೇಡ್ ಗೆದ್ದರೆ ಅಸಲಿಗೆ ಅಸಲು, ಅಷ್ಟೇ.

ಪ್ರಶ್ನೆ: 10 ಪಟ್ಟು ಲೆವರೇಜ್ (ಸಾಲ ಪಡೆದು ನಮ್ಮ ಹಣದ 10 ಪಟ್ಟು ಮೊತ್ತಕ್ಕೆ ಟ್ರೇಡ್), ಆದರೆ ಸ್ಟಾಪ್‌ಲಾಸ್ ಇರುತ್ತದೆ. ಪರವಾಗಿಲ್ಲವೇ?

ಉತ್ತರ: ಬೇಡ. ಬೆಲೆ ನಿಮ್ಮ ವಿರುದ್ಧ ಶೇ 10ಕ್ಕಿಂತ ಕೊಂಚ ಕಡಿಮೆ ಚಲಿಸಿದರೂ ಇಟ್ಟ ಹಣ ಪೂರ್ತಿ ಹೋಗುತ್ತದೆ, ಸ್ಟಾಪ್-ಲಿಮಿಟ್ ಆರ್ಡರ್ (ನಿಗದಿತ ಬೆಲೆಗಿಂತ ಕಡಿಮೆಗೆ ಮಾರದ ಸ್ಟಾಪ್‌ಲಾಸ್) ದಿಢೀರ್ ಕುಸಿತದಲ್ಲಿ ಭರ್ತಿಯಾಗದೇ ಉಳಿಯಬಹುದು.

ಪ್ರಶ್ನೆ: ಟೆಲಿಗ್ರಾಂ ಗುಂಪಿನ ‘ಖಚಿತ ಸಿಗ್ನಲ್’ ನಂಬಬಹುದೇ?

ಉತ್ತರ: ಅವರು ಮೊದಲೇ ಕೊಂಡಿರುತ್ತಾರೆ, ಮಾರಲು ಗಿರಾಕಿ ಬೇಕು, ಆ ಗಿರಾಕಿ ನೀವು.

ಪ್ರಶ್ನೆ: ಹಾವಿಂಗ್ (ಹೊಸ ಬಿಟ್‌ಕಾಯಿನ್ ಹುಟ್ಟುವ ಪ್ರಮಾಣ ಅರ್ಧವಾಗುವುದು) ಆದ ಮೇಲೆ ಬೆಲೆ ಏರಲೇಬೇಕಂತೆ?

ಉತ್ತರ: 2012, 2016, 2020, 2024. ನಾಲ್ಕೇ ಸಲ ನಡೆದದ್ದನ್ನು ನಿಯಮ ಎನ್ನಬೇಡಿ.

ಪ್ರಶ್ನೆ: ಐದು ವರ್ಷ ಇಡುವುದನ್ನು ಎಕ್ಸ್‌ಚೇಂಜ್‌ನಲ್ಲೇ ಬಿಡಬಹುದೇ?

ಉತ್ತರ: 2014ರಲ್ಲಿ ಮೌಂಟ್ ಗಾಕ್ಸ್, 2022ರಲ್ಲಿ ಎಫ್‌ಟಿಎಕ್ಸ್ ದಿವಾಳಿಯಾದಾಗ ಅಲ್ಲಿ ಬಿಟ್ಟವರು ವರ್ಷಗಟ್ಟಲೆ ಕಾದರು. ಹಾರ್ಡ್‌ವೇರ್ ವಾಲೆಟ್ (ಕಾಯಿನ್‌ನ ಕೀಲಿ ಇಡುವ ಪುಟ್ಟ ಸಾಧನ) ತೆಗೆದುಕೊಳ್ಳಿ. ವಾಲೆಟ್ ಮತ್ತೆ ತೆರೆಯಲು ಬೇಕಾಗುವ 12 ಅಥವಾ 24 ಸೀಡ್ ಪದಗಳನ್ನು ಕಾಗದದಲ್ಲಿ ಬರೆದು ಎರಡು ಜಾಗದಲ್ಲಿಡಿ, ಫೋಟೊ ತೆಗೆಯಬೇಡಿ. ಮೊದಲು ಸಣ್ಣ ಮೊತ್ತ ಕಳಿಸಿ, ವಾಲೆಟ್ ಅಳಿಸಿ, ಆ ಪದಗಳಿಂದಲೇ ಮತ್ತೆ ತೆರೆದು ನೋಡಿ. ಹಣ ಕಂಡ ಮೇಲೆ ಮಿಕ್ಕದ್ದನ್ನು ಕಳಿಸಿ. ವಿಳಾಸದ ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರ ನೋಡಿ ಬಿಡಬೇಡಿ, ಅವೆರಡೂ ಹೊಂದುವಂಥ ನಕಲಿ ವಿಳಾಸ ಸೃಷ್ಟಿಸಿ ನಿಮ್ಮ ವಹಿವಾಟಿನ ಪಟ್ಟಿಯೊಳಗೆ ತೂರಿಸುವ ಕಳ್ಳರಿದ್ದಾರೆ. ನಡುವಿನ ಅಕ್ಷರಗಳನ್ನೂ ಹೊಂದಿಸಿ ನೋಡಿ, ಹಳೆಯ ವಹಿವಾಟಿನಿಂದ ವಿಳಾಸ ನಕಲು ಮಾಡಬೇಡಿ.