ಪದವಿ ವಿದ್ಯಾರ್ಥಿಗಳಿಗೆ ಕ್ಷೇತ್ರಾಧ್ಯಯನದ ಮೂಲಕ ವನ್ಯಜೀವಿ ಸಂರಕ್ಷಣೆ ಕಲಿಸುವುದು ಹೇಗೆ?

24 ಜನ ಬಿಎಸ್ಸಿ ವಿದ್ಯಾರ್ಥಿಗಳು, ಎರಡು ವಾರ ಸಮಯ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಕಾಡಿಗೆ ಆಮೇಲೆ ಹೋಗಿ. ಮೊದಲು ಕಾಲೇಜಿನ ಹಿಂದಿನ ಹುಲ್ಲುಪೊದೆಯ ಜಾಗ ಸಾಕು. ಕಣ್ಣಿಗೆ ಬಿದ್ದಷ್ಟೇ ಒಟ್ಟು ಸಂಖ್ಯೆಯಲ್ಲ ಎಂಬುದು ಅವರಿಗೆ ಮೊದಲು ಮನದಟ್ಟಾಗಬೇಕು. ಇದು ತಿಳಿಯದೆ ಜಿಂಕೆ ಎಣಿಸಿದರೆ ಅದು ಬರೀ ಪಿಕ್‌ನಿಕ್.

ಇದಕ್ಕೆ ಒಳ್ಳೆಯ ಪಾಠ ಗೂಟದ ಎಣಿಕೆ. 1978ರಲ್ಲಿ ಅಮೆರಿಕದ ಯೂಟಾದಲ್ಲಿ 150 ಗೂಟ ನೆಟ್ಟು, ಒಂದು ಕಿಲೋಮೀಟರ್ ಗೆರೆಯ ಮೇಲೆ ವಿದ್ಯಾರ್ಥಿಗಳನ್ನು ನಡೆಸಿ ಇದನ್ನೇ ಪರೀಕ್ಷಿಸಿದ್ದರು. ನೀವು 500 ಮೀಟರ್ ಹಗ್ಗ ಎಳೆಯಿರಿ. ಎರಡೂ ಬದಿ 20 ಮೀಟರ್ ಒಳಗೆ, ಅಂದರೆ 2 ಹೆಕ್ಟೇರಿನಲ್ಲಿ, ಮಣ್ಣುಬಣ್ಣದ 100 ಕಡ್ಡಿ ನೆಡಿ. ತುದಿ ಹುಲ್ಲಿಗಿಂತ ಕೊಂಚ ತಗ್ಗಿರಲಿ. ಯಾವ ಕಡ್ಡಿ ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಕೈಗೆ ಬಂದಂತೆ ನೆಟ್ಟರೆ ಹಗ್ಗದ ಹತ್ತಿರವೇ ಜಾಸ್ತಿ ಬೀಳುತ್ತವೆ. ಸಂಖ್ಯೆ ಯಾರಿಗೂ ಹೇಳಬೇಡಿ.

ಇಬ್ಬಿಬ್ಬರ ತಂಡ ನಿಧಾನವಾಗಿ ಹಗ್ಗದ ಮೇಲೆಯೇ ನಡೆಯಬೇಕು. ಹುಡುಕಲು ಬದಿಗೆ ಹೋಗುವಂತಿಲ್ಲ. ಕಡ್ಡಿ ಕಂಡ ಮೇಲಷ್ಟೇ ಹೋಗಿ, ಹಗ್ಗದಿಂದ ನೇರ ಲಂಬದೂರವನ್ನು ಟೇಪಿನಲ್ಲಿ ಅಳೆದು ಬರೆಯಬೇಕು. ಸಂಜೆ, ಎಷ್ಟು ದೂರದಲ್ಲಿ ಎಷ್ಟು ಕಡ್ಡಿ ಕಂಡವು ಎಂಬುದನ್ನು 4 ಮೀಟರಿಗೊಂದು ಕಂಬದಂತೆ ಸ್ತಂಭನಕ್ಷೆಯಾಗಿ ಬಿಡಿಸಿ. ಒಂದು ತಂಡಕ್ಕೆ 56 ಕಂಡಿವೆ, ಅದರಲ್ಲಿ ಮೊದಲ 4 ಮೀಟರಿನಲ್ಲೇ 18 ಎಂದುಕೊಳ್ಳಿ. ಹತ್ತಿರದವು ಎಲ್ಲ ಕಂಡಿವೆ ಎಂದು ಹಿಡಿದರೆ 20 ಮೀಟರಿನೊಳಗಿನ ಐದೂ ಪಟ್ಟಿಗೆ 90 ಇರಬೇಕಿತ್ತು. ಅಂದರೆ 34 ತಪ್ಪಿಹೋಗಿವೆ. ಲೆಕ್ಕ ಒರಟು, ಆದರೆ 100 ಎಂಬ ನಿಜಕ್ಕೆ 56ಕ್ಕಿಂತ ಎಷ್ಟು ಹತ್ತಿರ ಬಂತು ನೋಡಿ. ‘ಡಿಸ್ಟೆನ್ಸ್’ ಎಂಬ ಉಚಿತ ಸಾಫ್ಟ್‌ವೇರ್ ಇದನ್ನೇ ನಯವಾಗಿ ಮಾಡುತ್ತದೆ. ಅದನ್ನು ಎರಡನೇ ದಿನ ತೋರಿಸಿ, ಮೊದಲ ದಿನ ಬೇಡ.

ಕಾಡಿನಲ್ಲಿ ಪ್ರಾಣಿಯ ಹತ್ತಿರ ಟೇಪು ಹಿಡಿದು ಹೋಗಲಾಗದು. ದಿಕ್ಸೂಚಿಯಲ್ಲಿ ನೀವು ನಡೆಯುವ ಗೆರೆಯ ದಿಕ್ಕು, ಪ್ರಾಣಿಯ ದಿಕ್ಕು ಎರಡನ್ನೂ ಓದಿ ಕೋನ ತೆಗೆಯಬೇಕು, ಲೇಸರ್ ಬಿಟ್ಟು ದೂರ ಅಳೆಯುವ ರೇಂಜ್‌ಫೈಂಡರಿನಲ್ಲಿ ದೂರ. 40 ಮೀಟರ್, 30 ಡಿಗ್ರಿ ಬಂದರೆ ಲಂಬದೂರ 20 ಮೀಟರ್. ಮುಂದಿನ ಎಲೆಗೆ ಲೇಸರ್ ಬಡಿದು 12 ಮೀಟರ್ ತೋರಿಸುವುದು ತೀರಾ ಸಾಮಾನ್ಯ. ಜಿಂಕೆ ನಿಂತಿದ್ದ ಜಾಗದ ಪಕ್ಕದ ಮರದ ಕಾಂಡಕ್ಕೆ ಗುರಿಯಿಡಲು ಹೇಳಿ. ಹಿಂಡಾದರೆ ನಡುಮಧ್ಯಕ್ಕೆ ಅಳೆಯಬೇಕು, ಹತ್ತಿರದ ಒಂದಕ್ಕಲ್ಲ. ಓಡಿದ ಪ್ರಾಣಿಗೆ ಮೊದಲು ಕಂಡ ಜಾಗವೇ ಲೆಕ್ಕ.

ಹಾಳೆಯ ತುಂಬ 10, 15, 20 ಎಂದೇ ಇದ್ದರೆ ಅಳೆದಿಲ್ಲ, ಊಹಿಸಿದ್ದಾರೆ ಎಂದರ್ಥ. ಎಣಿಕೆಗೆ ಜೀಪು ರಸ್ತೆಯನ್ನೇ ಗೆರೆ ಮಾಡಿಕೊಳ್ಳುವುದು ಇನ್ನೂ ದೊಡ್ಡ ತಪ್ಪು: ರಸ್ತೆಬದಿಯ ಹುಲ್ಲಿಗೆ ಜಿಂಕೆ ಬರುತ್ತದೆ, ಅಂಜುವ ಪ್ರಾಣಿ ದೂರ ಸರಿಯುತ್ತದೆ, ಎರಡರಿಂದಲೂ ಲೆಕ್ಕ ಕೆಡುತ್ತದೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅಧ್ಯಯನಕ್ಕೆ 1972ರ ವನ್ಯಜೀವಿ ಕಾಯ್ದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ತಿಂಗಳುಗಳ ಮೊದಲೇ ಅರ್ಜಿ ಹಾಕಿ. ಆನೆ ಇರುವ ಕಡೆ ಅರಣ್ಯ ಇಲಾಖೆಯ ವಾಚರ್ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಅವರು ನಿಲ್ಲಿ ಎಂದರೆ ಎಣಿಕೆ ಅಲ್ಲಿಗೇ ನಿಲ್ಲಬೇಕು. ಅನುಮತಿ ಸಿಗದಿದ್ದರೆ ಹೊಲದ ಬದುಗಳಲ್ಲಿ, ರೈತರನ್ನು ಕೇಳಿ, ನವಿಲು ಎಣಿಸಿ. ವಿಧಾನ ಅದೇ.

ಸಾಂದ್ರತೆ, ಅಂದರೆ ಒಂದು ಚದರ ಕಿಲೋಮೀಟರಿಗೆ ಎಷ್ಟು ಪ್ರಾಣಿ ಎಂದು ಹೇಳಲು, ಒಂದು ಜಾತಿಗೆ 60ರಿಂದ 80 ದರ್ಶನವಾದರೂ ಬೇಕು. ಎರಡು ವಾರದಲ್ಲಿ ಕಡವೆಗೆ ಅಷ್ಟು ಸಿಗುವುದು ಕಷ್ಟ, ಹಾಗಾಗಿ ವರದಿಯಲ್ಲಿ ಸಾಂದ್ರತೆಯ ಅಂಕಿ ಬರೆಯಲು ಬಿಡಬೇಡಿ. ಇನ್ನೊಂದು: ಏನೂ ಕಾಣದ ಬೆಳಗಿನ ಹಾಳೆಯನ್ನು ವಿದ್ಯಾರ್ಥಿಗಳು ಬೇಸರದಿಂದ ಎಸೆದುಬಿಡುತ್ತಾರೆ. ನಡೆದ ಕಿಲೋಮೀಟರ್, ಶುರುವಾದ ಹೊತ್ತು, ‘ಸೊನ್ನೆ’ ಎಂದು ಬರೆಸಿ, ಸಹಿ ಹಾಕಿಸಿ, ಉಳಿದ ಹಾಳೆಗಳ ಜೊತೆಗೇ ಇಟ್ಟುಕೊಳ್ಳಿ.