ಪ್ರಶ್ನೋತ್ತರ: ಹೆಸರು ಬಿಡಿ, ನಂಬರ್ ಹಿಡಿಯಿರಿ

ಪ್ರಶ್ನೆ: 1975ರಿಂದ 1979ರವರೆಗೆ ಕಾಂಬೋಡಿಯಾವನ್ನು ಆಳಿದ ಖ್ಮೇರ್ ರೂಜ್‌ನ ನಾಯಕರ ವಿಚಾರಣೆಗಳ ಮೇಲೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ನ್ಯಾಯಮಂಡಳಿಯ ಜಾಲತಾಣದಲ್ಲಿ ಆರೋಪಿಯ ಹೆಸರು ಹಾಕಿದರೆ ಒಮ್ಮೆ ರಾಶಿ ಕಡತ, ಇನ್ನೊಮ್ಮೆ ಸೊನ್ನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಹೆಸರಿನಿಂದ ಶುರು ಮಾಡಿದ್ದರಲ್ಲೇ. ಖ್ಮೇರ್ ರೂಜ್‌ನ ಎಸ್-21 ಜೈಲಿನ ಮುಖ್ಯಸ್ಥ ಒಬ್ಬನೇ. ಕಾಗದಗಳಲ್ಲಿ ಅವನು ಡುಚ್, ಕೈಂಗ್ ಗುಯೆಕ್ ಇಯಾವ್, ಕಾಂಗ್ ಕೆಕ್ ಇಯು. ಖ್ಮೇರರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅದನ್ನು ತಿರುಗಿಸಿ ಟೈಪ್ ಮಾಡಿದರೂ ಕೈಗೆ ಏನೂ ಸಿಗದು.

ಅಲ್ಲಿನ ದಾಖಲೆ ಸಂಖ್ಯೆಯ ಮೊದಲ ಅಕ್ಷರವೇ ಅರ್ಧ ಕೆಲಸ ಮುಗಿಸುತ್ತದೆ. 'ಡಿ' ಎಂದರೆ ತನಿಖೆಯ ಹಂತ, 'ಇ' ವಿಚಾರಣೆಯ ಹಂತ, 'ಎಫ್' ಮೇಲ್ಮನವಿ. ಡುಚ್ ಪ್ರಕರಣದ 2010ರ ತೀರ್ಪು ಇ188, ಜೀವಾವಧಿ ಶಿಕ್ಷೆ ಕೊಟ್ಟ 2012ರ ಮೇಲ್ಮನವಿ ತೀರ್ಪು ಎಫ್28. ದಿನದಿನದ ನಡಾವಳಿ ಇ1ರ ಕೆಳಗೆ, ಸಾಕ್ಷ್ಯಗಳು ಇ3ರ ಕೆಳಗೆ. ಮೊದಲು ತೀರ್ಪು ಇಳಿಸಿಕೊಳ್ಳಿ. ಅದರ ಅಡಿಟಿಪ್ಪಣಿಗಳಿಂದ ಇ3 ಸಂಖ್ಯೆಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ಹುಡುಕಿ. ಪುಟದ ಮೇಲಿನ ಎಂಟು ಅಂಕಿಯ ಮುದ್ರೆ ಖ್ಮೇರ್, ಇಂಗ್ಲಿಷ್, ಫ್ರೆಂಚ್ ಪ್ರತಿಗಳಲ್ಲಿ ಬೇರೆಬೇರೆ. ಉಲ್ಲೇಖಿಸುವಾಗ ಯಾವ ಭಾಷೆಯ ಪ್ರತಿ ಎಂದು ಬರೆಯದಿದ್ದರೆ ಪರೀಕ್ಷಕರಿಗೆ ಆ ಪುಟ ಸಿಕ್ಕುವುದೇ ಇಲ್ಲ.

ಎಸ್-21ರ ತಪ್ಪೊಪ್ಪಿಗೆಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಚಿತ್ರಹಿಂಸೆ ಕೊಟ್ಟು ಬರೆಸಿದವು ಅವು, "ನಾನು ಸಿಐಎ ಏಜೆಂಟ್" ಎಂಬ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಮಂಡಳಿಯೂ ಚಿತ್ರಹಿಂಸೆ ವಿರೋಧಿ ಒಪ್ಪಂದದ 15ನೇ ವಿಧಿಯ ಪ್ರಕಾರ ಅವುಗಳ ಒಳಮಾತನ್ನು ಸತ್ಯವೆಂದು ಎಣಿಸಲು ಒಪ್ಪಲಿಲ್ಲ. ದಿನಾಂಕ, ವಿಚಾರಣೆ ಮಾಡಿದವನ ಹೆಸರು, ಅಂಚಿನಲ್ಲಿ ಮೇಲಧಿಕಾರಿ ಗೀಚಿದ ಟಿಪ್ಪಣಿ — ಇವು ನಿಮ್ಮ ಸಾಮಗ್ರಿ. ಮೂಲ ಕಾಗದಗಳಿಗೆ, ಎಸ್-21 ಇದ್ದ ಜಾಗದಲ್ಲೇ ಇರುವ ತುವೊಲ್ ಸ್ಲೆಂಗ್ ಸಂಗ್ರಹಾಲಯದ ಡಿಜಿಟಲ್ ಸಂಗ್ರಹವನ್ನೂ 1995ರಲ್ಲಿ ಆರಂಭವಾದ ಕಾಂಬೋಡಿಯಾ ದಾಖಲೀಕರಣ ಕೇಂದ್ರವನ್ನೂ ನೋಡಿ.

ಪ್ರಶ್ನೆ: ಕಾಂಬೋಡಿಯಾದ ಕಾನೂನುಗಳ ಪಠ್ಯ ಎಲ್ಲಿ ಸಿಗುತ್ತದೆ? ಖ್ಮೇರ್ ಪಿಡಿಎಫ್‌ನಲ್ಲಿ ಪದ ಹುಡುಕಿದರೆ ಏನೂ ಬರುತ್ತಿಲ್ಲ.

ಉತ್ತರ: ಓಪನ್ ಡೆವಲಪ್‌ಮೆಂಟ್ ಕಾಂಬೋಡಿಯಾ ಎಂಬ ಜಾಲತಾಣದ ಸಂಗ್ರಹ ಸುಲಭ. ಇಲ್ಲೂ ನಂಬರೇ ಗತಿ. 2001ರ ಭೂ ಕಾನೂನಿನದು ಎನ್‌ಎಸ್/ಆರ್‌ಕೆಎಂ/0801/14. 'ಎನ್‌ಎಸ್' ಅರಸರ ಹೆಸರಿನ ಮೊದಲಕ್ಷರಗಳು, 'ಆರ್‌ಕೆಎಂ' ಎಂದರೆ ಅರಸರ ಅಂಕಿತ ಬಿದ್ದ ಕಾಯ್ದೆ, 0801 ಎಂದರೆ 2001ರ ಆಗಸ್ಟ್, 14 ಕ್ರಮಸಂಖ್ಯೆ. 'ಆರ್‌ಕೆಟಿ' ಕಂಡರೆ ಅದು ರಾಜಾಜ್ಞೆ. ಅನುಕ್ರೆತ್ ಸರ್ಕಾರದ ಉಪಾಜ್ಞೆ, ಪ್ರಕಾಸ್ ಮಂತ್ರಾಲಯದ ಪ್ರಕಟಣೆ. ನಮ್ಮ 'ಪ್ರಕಾಶ'ದ ನೆಂಟನೇ. ಇಂಗ್ಲಿಷ್ ಅನುವಾದಗಳು ಸಾಮಾನ್ಯವಾಗಿ ಅನಧಿಕೃತ. 2001ರ ಕಾನೂನನ್ನು 2007ರ ನಾಗರಿಕ ಸಂಹಿತೆಯ ಜೊತೆಗಿಟ್ಟೇ ಓದಿ, ಆಸ್ತಿಯ ಎಷ್ಟೋ ನಿಯಮಗಳು ಅಲ್ಲಿಗೆ ಹೋಗಿವೆ.

ಪದ ಸಿಗದಿರುವ ರೋಗ ಕನ್ನಡಿಗರಿಗೆ ಪರಿಚಯದ್ದೇ. ಹಳೆಯ ನುಡಿ, ಬರಹ ಕಡತಗಳಂತೆ ಅಲ್ಲಿ ಲಿಮೊನ್ ಮೊದಲಾದ ಯುನಿಕೋಡ್‌ಪೂರ್ವ ಫಾಂಟುಗಳಿವೆ. ಕಾಪಿ ಮಾಡಿ ಅಂಟಿಸಿದಾಗ ರೋಮನ್ ಅಕ್ಷರಗಳ ಗೋಜಲು ಬಂದರೆ ಅದೇ ಕಾರಣ, ಪರಿವರ್ತಕದಲ್ಲಿ ಹಾಕಿ. ಏನೂ ಆಯ್ಕೆಯಾಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ. ಯುನಿಕೋಡ್ ಇದ್ದೂ ಸಿಗದಿದ್ದರೆ ಚಿಕ್ಕ ತುಂಡು ಹುಡುಕಿ: ಖ್ಮೇರಿನಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಕಾಣದ ಶೂನ್ಯ ಅಗಲದ ಗುರುತೊಂದು ಒಳಗೆ ಕೂತಿರಬಹುದು.

ಪ್ರಶ್ನೆ: ಅಂಕೋರ್ ಕಾಲದ, ಅದಕ್ಕೂ ಹಿಂದಿನ ಶಿಲಾಶಾಸನಗಳು?

ಉತ್ತರ: ಅವಕ್ಕೂ ಖ್ಮೇರ್ ಶಾಸನಗಳ ಪಟ್ಟಿಯ 'ಕೆ' ಸಂಖ್ಯೆಯಿದೆ. ಇಸವಿಯಲ್ಲಿ ಬರೆದ ಸೊನ್ನೆಗೆ ಪ್ರಸಿದ್ಧವಾದ ಶಕ 605ರ ಸಂಬೋರ್ ಶಾಸನ ಕೆ. 127, ಸ್ದೋಕ್ ಕಾಕ್ ಥೋಮ್‌ನದು ಕೆ. 235. ಪಾಠಕ್ಕೆ ಫ್ರೆಂಚ್ ವಿದ್ವಾಂಸ ಜಾರ್ಜ್ ಸೆದೆಸ್‌ರ ಎಂಟು ಸಂಪುಟಗಳು, ಲೇಖನಗಳಿಗೆ ಫ್ರೆಂಚ್ ನಿಯತಕಾಲಿಕಗಳ ಪೆರ್ಸೆ ಜಾಲತಾಣ. ಎರಡಕ್ಕೂ ಫ್ರೆಂಚ್ ಬೇಕು. ವರ್ಷ ಮಾತ್ರ ಬಾದಾಮಿಯ ಶಕ 465ರ ಶಾಸನದ್ದೇ ಲೆಕ್ಕ: 78 ಕೂಡಿಸಿ, ಪುಷ್ಯದಿಂದಾಚೆಯ ತಿಥಿಯಾದರೆ ಹೆಚ್ಚಾಗಿ 79. ಸಂಸ್ಕೃತ ಪದ್ಯದಲ್ಲಿ ಅಂಕಿಯ ಬದಲು ಪದ ಬರುತ್ತದೆ: 'ರಸ, ದಸ್ರ, ಶರ' ಎಂದಿದ್ದರೆ 6, 2, 5. ಬಲದಿಂದ ಎಡಕ್ಕೆ ಬರೆದುಕೊಂಡರೆ ಶಕ 526, ಅಂದರೆ ಕ್ರಿ.ಶ. 604.