ಪಲ್ಲವಿ ನಾಲ್ಕು ಸಲ ಬಂದರೆ ತಪ್ಪೇನು?

"ನಿಮ್ಮ ಪಾಪ್ ಸಂಗೀತದ ಲೇಖನಮಾಲೆ ಓದಿ ಬೇಸರವಾಯಿತು. ಎಲ್ಲ ಹಾಡೂ ಒಂದೇ ಅಚ್ಚು. ಮೂರು ನಿಮಿಷ, ನಾಲ್ಕು ಸಲ ಅದೇ ಪಲ್ಲವಿ, ಪ್ರೀತಿ ಬಿಟ್ಟರೆ ಬೇರೆ ಮಾತಿಲ್ಲ. ಕೇಳುವವರೋ ಹದಿನಾರರ ಹುಡುಗಿಯರು, ಆಟೊದವರು. ಇದಕ್ಕೆ ಪುಟ ಯಾಕೆ ಹಾಳು ಮಾಡುತ್ತೀರಿ? ಆ ಜಾಗದಲ್ಲಿ ಜಾನಪದ ಹಾಕಿ."
– ನಿವೃತ್ತ ಶಿಕ್ಷಕರು, ಪಿ.ಜೆ. ಬಡಾವಣೆ, ದಾವಣಗೆರೆ

ಮೇಷ್ಟ್ರೇ, ಒಪ್ಪುವಂಥದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಗಣಪತಿ ಮೆರವಣಿಗೆಯ ಡಿಜೆಗೆ ಕಿಟಕಿ ಗಾಜು ನಡುಗುತ್ತದೆ. ಕೆಲವು ಹಾಡುಗಳಲ್ಲಿ ಗಾಯಕನ ಗಂಟಲು ಎಲ್ಲಿ ಮುಗಿಯಿತು, ಕಂಪ್ಯೂಟರ್ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಸರಿ. ಮಿಕ್ಕಿದ್ದಕ್ಕೆ ನಿಮ್ಮ ಜೊತೆ ಜಗಳ ಆಡಲೇಬೇಕು.

ಮೂರು ನಿಮಿಷ ಅಂದಿರಿ. ಅದು ಈಗಿನ ಹುಡುಗರ ಸೋಮಾರಿತನ ಅಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದೇ ಅಷ್ಟು. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರನ್ನು ಹಾಡಿಸಿ ಧ್ವನಿಮುದ್ರಣ ಮಾಡಿದರು. ಗಂಟೆಗಟ್ಟಲೆ ರಾಗ ಬೆಳೆಸಬಲ್ಲ ಗಾಯಕಿ, ಮೂರು ನಿಮಿಷದೊಳಗೆ ಎಲ್ಲ ಮುಗಿಸಿ, ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಹೇಳುತ್ತಿದ್ದರು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯಲ್ಲಿ. ಇದು ಯಾರ ಹಾಡು ಅಂತ ಅಲ್ಲಿಯವರಿಗೆ ತಿಳಿಯಬೇಕಲ್ಲ! ಆ ತಾಯಿ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ಮೂರು ನಿಮಿಷ ಹಾಡಿದರು ಅಂತ ಅವರನ್ನು ಬೈಯುತ್ತೀರಾ?

ಇನ್ನು ಪಲ್ಲವಿಯ ದೂರು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿದ್ದ ಅಡೋರ್ನೊ ಎಂಬ ಚಿಂತಕರು 1941ರಲ್ಲೇ ಇದನ್ನು ನಿಮಗಿಂತ ಖಾರವಾಗಿ ಬರೆದರು. ಎಲ್ಲ ಹಾಡೂ ಒಂದೇ ಅಚ್ಚು, ಕೇಳುಗರು ಮನಸ್ಸಿಟ್ಟು ಕೇಳುವುದೇ ಇಲ್ಲ, ದುಡಿದು ದಣಿದವರಿಗೆ ಅದು ಹೊತ್ತು ಕಳೆಯುವ ದಾರಿ ಅಷ್ಟೇ ಅಂತ. ದೊಡ್ಡ ಮನುಷ್ಯರು, ಇಲ್ಲ ಅನ್ನುವುದಿಲ್ಲ. ಆದರೆ ಅವರು ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿರಲಿಲ್ಲ.

ನೀವಾದರೂ ಒಮ್ಮೆ ಬೆಳಿಗ್ಗೆ ಬೇಗ ಹೋಗಿ ನೋಡಿ. ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಅಕ್ಕಿ ಬಿದ್ದ ಕೂಡಲೇ ಚಟಪಟ ಅರಳುತ್ತದೆ. ಹೊಗೆ, ಬೂದಿ, ಜರಡಿಯ ಸದ್ದು. ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲ್ ನೇತಾಡುತ್ತಿರುತ್ತದೆ. ಚರಣ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ. ಪಲ್ಲವಿ ಬಂತೋ, ಚೀಲ ತುಂಬುತ್ತಿದ್ದ ಹೆಂಗಸು ತಲೆ ಎತ್ತದೆ ದನಿ ಸೇರಿಸುತ್ತಾಳೆ. ಆ ಕಡೆ ಜರಡಿ ಹಿಡಿದವನು ಮುಂದಿನ ಸಾಲು ಎತ್ತಿಕೊಳ್ಳುತ್ತಾನೆ. ಕೈಗೆ ಬಿಡುವಿಲ್ಲದವರು, ಅರ್ಧ ಕಿವಿ ಕೊಟ್ಟವರು, ನಡುವೆ ಬಂದು ಸೇರಿಕೊಳ್ಳುವವರು, ಇವರಿಗಾಗಿಯೇ ಕಟ್ಟಿದ ಹಾಡು ಅದು. ಪಲ್ಲವಿ ನಾಲ್ಕು ಸಲ ಬರದಿದ್ದರೆ ಇವರಿಗೆ ಸಿಗುವುದೇ ಇಲ್ಲ. ಮೊದಲಿಂದ ಕೊನೆವರೆಗೆ ಕೂತು ಕೇಳುವವರಿಗೆ ಬೇರೆ ಸಂಗೀತ ಇದೆ, ಸಭೆ ಇದೆ, ಮುಂದಿನ ಸಾಲಿನ ಕುರ್ಚಿಯೂ ಇದೆ.

ಜಾನಪದ ಹಾಕಿ ಅಂದಿರಲ್ಲ, ಅಲ್ಲೂ ಇದೇ ಕತೆ. ಸೋಬಾನೆಯಲ್ಲಿ ಒಬ್ಬರು ಹೇಳಿದ್ದನ್ನು ಮಿಕ್ಕವರು ತಿರುಗಿ ಹೇಳುತ್ತಾರೆ. ಚಳ್ಳಕೆರೆ ಕಡೆಯ ಸಿರಿಯಜ್ಜಿ ಸಾವಿರಾರು ಪದ ನೆನಪಲ್ಲಿ ಇಟ್ಟುಕೊಂಡಿದ್ದವರು. ಅವರನ್ನು ಹೊಗಳುವಾಗ ನಾವ್ಯಾರೂ ಅಚ್ಚಿನ ಮಾತು ಎತ್ತುವುದಿಲ್ಲ. ರಾಗಿ ಬೀಸುತ್ತಾ ಹಾಡಿದರೆ ಸನ್ಮಾನ, ಮಂಡಕ್ಕಿ ಹುರಿಯುತ್ತಾ ಹಾಡಿದರೆ ಬೈಗುಳ. ಇದ್ಯಾವ ನ್ಯಾಯ ಮೇಷ್ಟ್ರೇ?

ಹದಿನಾರರ ಹುಡುಗಿಯರು ಅಂತ ಮೂಗು ಮುರಿಯಬೇಡಿ. 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಹೋದಾಗ ಕಿರುಚಿದವರು ಅಂಥ ಹುಡುಗಿಯರೇ. ಪತ್ರಿಕೆಗಳು ನಕ್ಕವು. ಆಮೇಲೆ ಅದೇ ಹಾಡುಗಳ ಮೇಲೆ ಗಡ್ಡ ಬಿಟ್ಟ ಗಂಡಸರು ದಪ್ಪ ದಪ್ಪ ಪುಸ್ತಕ ಬರೆದರು. ನಮ್ಮದಂತೂ ರಂಗನಟಿ ಚಿಂದೋಡಿ ಲೀಲಾ ಅವರ ಊರು. ಕಂಪನಿ ನಾಟಕದಲ್ಲಿ "ಒನ್ಸ್ ಮೋರ್" ಅಂತ ಕೂಗಿದರೆ ನಟರು ಕತೆ ನಿಲ್ಲಿಸಿ ಮತ್ತೆ ಹಾಡಬೇಕಿತ್ತು. ಕೇಳುಗರ ಆ ಅಧಿಕಾರ ನಮಗೆ ಹೊಸದೇನಲ್ಲ.

ಇದಕ್ಕೆ ಪುಟ ಬೇಡ ಅನ್ನುವ ಪ್ರಯೋಗವೂ ಆಗಿಹೋಗಿದೆ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಟ್ಟರು. ಜನ ಸುಮ್ನೆ ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನ್ ಹಾಕಿಕೊಂಡರು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಬೇಕಾಯಿತು. ಅಂದ ಹಾಗೆ, ಮದುವೆ ಮನೆಗಳಲ್ಲಿ ನೀವು ಪಿ.ಬಿ. ಶ್ರೀನಿವಾಸ್ ಹಾಡು ಹಾಡುತ್ತಿದ್ದಿರಿ ಅಂತ ಪತ್ರದ ಎರಡನೇ ಹಾಳೆಯಲ್ಲಿ ಬರೆದಿದ್ದೀರಿ. ಅದು ಆ ಕಾಲದ ಪಾಪ್ ಅಲ್ಲದೆ ಇನ್ನೇನು?

ನನ್ನ ಸಿಟ್ಟು ಬೇರೆ ಕಡೆ ಇದೆ. ರೇಡಿಯೊದಲ್ಲಿ ಹಾಡಿಗೆ ಮುಂಚೆ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಅಂತ ಹೇಳುತ್ತಿದ್ದರು. ಚಿ. ಉದಯಶಂಕರ್, ರಾಜನ್-ನಾಗೇಂದ್ರ ಹೆಸರು ನಮಗೆಲ್ಲ ಬಾಯಿಪಾಠ ಆಗಿದ್ದು ಹಾಗೆ. ಈಗ ಮೊಬೈಲ್ ತುಂಬಾ ನಾಯಕನ ಮುಖ. ಬರೆದವರ ಹೆಸರು ಬೇಕಾದರೆ ಹುಡುಕಿಕೊಳ್ಳಬೇಕು. ನಮ್ಮೂರಲ್ಲೂ ಅಷ್ಟೇ. ಗಣೇಶನ ಹಬ್ಬದಲ್ಲಿ ಒಂದು ಪೆಂಡಾಲಿನ ಫ್ಲೆಕ್ಸ್ ನೋಡಿದೆ. ಮುಖಂಡರ ಫೋಟೊಗಳಿಗೇ ಜಾಗ ಸಾಲದು. ಕೆಳಗೆ ಮೂಲೆಯಲ್ಲಿ "ಮತ್ತು ತಂಡದವರಿಂದ ರಸಮಂಜರಿ". ಆ ತಂಡದ ಕೀಬೋರ್ಡ್ ಹುಡುಗ ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾನೆ. ದುಡ್ಡು ಕೇಳಿದ್ದಕ್ಕೆ "ಹಬ್ಬ ಮುಗೀಲಿ, ನೋಡೋಣ" ಅಂದರಂತೆ. ದೀಪಾವಳಿಯೂ ಮುಗಿಯಿತು, ಇನ್ನೂ ನೋಡುತ್ತಲೇ ಇದ್ದಾರೆ. ಸಂಗೀತ ಕೆಟ್ಟುಹೋಯಿತು ಅಂತ ಭಾಷಣ ಮಾಡುವವರು ಜಾಸ್ತಿ ಸಿಗುವುದೂ ಅದೇ ವೇದಿಕೆಯಲ್ಲಿ!

ಹಾಗಾಗಿ ಲೇಖನಮಾಲೆ ನಿಲ್ಲುವುದಿಲ್ಲ. ಮುಂದಿನ ಕಂತು ದಾವಣಗೆರೆ, ಚಿತ್ರದುರ್ಗದ ರಸಮಂಜರಿ ತಂಡಗಳ ಬಗ್ಗೆ. ತಬಲಾ, ಡ್ರಮ್ಸ್, ಕೀಬೋರ್ಡ್ ನುಡಿಸುವವರ ಹೆಸರು ಸಮೇತ ಬರುತ್ತದೆ. ನಿಮ್ಮ ಹತ್ತಿರ ಹಳೆಯ ಕಾರ್ಯಕ್ರಮಗಳ ಕರಪತ್ರ ಇದ್ದರೆ ಕಳಿಸಿಕೊಡಿ, ನಕಲು ಮಾಡಿಕೊಂಡು ವಾಪಸ್ ಕೊಡುತ್ತೇವೆ.

– ಸಂಪಾದಕ